ಯಾವ ರೈಫಲ್ ಅಂತ ಕೇಳಿದ ವಿರಾಜಪೇಟೆಯ ಹುಡುಗನಿಗೆ

ನೀನು ಬರೆದದ್ದು ಓದಿದೆ ತಮ್ಮಾ. ಊರು ವಿರಾಜಪೇಟೆ ಹತ್ತಿರ, ಎಚ್-1ಬಿ ಕೆಲಸದ ವೀಸಾ ಮೇಲೆ ಅಮೆರಿಕದ ಡಲ್ಲಾಸ್‌ಗೆ ಬಂದು ಮೂರು ತಿಂಗಳು. ಮನೆಯಲ್ಲಿ ಅಜ್ಜನ ಕಾಲದ ಜೋಡಿ ನಳಿಗೆ ಕೋವಿ ಇದೆ. ಇಲ್ಲಿ ಗಾಳ, ಟೆಂಟು ಮಾರುವ ಅಂಗಡಿಯಲ್ಲೇ ಗೋಡೆ ತುಂಬ ರೈಫಲ್ ಸಾಲಾಗಿ ನಿಂತಿರುವುದನ್ನು ನೋಡಿ ತಲೆ ತಿರುಗಿದೆ. "ಅಣ್ಣಾ, ಎಆರ್-15 ತಗೊಳ್ಳಲಾ, ಎಕೆ ತಗೊಳ್ಳಲಾ, ಇಲ್ಲ ಮಿನಿ-14 ಸಾಕಾ?" ಅಂತ ಕೇಳಿದ್ದೀಯ.

ನಾನು ಸಕಲೇಶಪುರ ಕಡೆಯವನು. ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿ ಇಪ್ಪತ್ತೊಂದು ವರ್ಷ ಆಯಿತು. ನೀನು ಹೇಳಿದ ಮೂರರಲ್ಲೂ ಹೊಡೆದಿದ್ದೇನೆ. ಒಂದು ಮನೆಯಲ್ಲೇ ಇದೆ. ಅದರ ಬಗ್ಗೆ ಹೇಳೋಣ. ಆದರೆ ಅದಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯನ್ನೇ ನೀನು ಕೇಳಿಲ್ಲ. ಎಚ್-1ಬಿ ಇರುವವನು ಕೋವಿ ಇಟ್ಟುಕೊಳ್ಳಬಹುದಾ?

ಇಟ್ಟುಕೊಳ್ಳುವ ಹಾಗಿಲ್ಲ. ವಲಸಿಗ ಅಲ್ಲದ ವೀಸಾದಲ್ಲಿ ಬಂದವರು ಕೋವಿಯನ್ನಾಗಲಿ ಗುಂಡನ್ನಾಗಲಿ ಇಟ್ಟುಕೊಳ್ಳಬಾರದು ಅಂತ ಫೆಡರಲ್ ಕಾನೂನು ಹೇಳುತ್ತದೆ. ಕೆಲಸದ ಎಚ್-1ಬಿ, ಎಲ್-1, ಓದಿನ ಎಫ್-1 ಎಲ್ಲ ಅದರೊಳಗೇ ಬರುತ್ತವೆ. ಟೆಕ್ಸಾಸ್ ಎಷ್ಟೇ ಸಡಿಲ ಇರಲಿ, ಫೆಡರಲ್ ಕಾನೂನಿಗೆ ಅದು ಲೆಕ್ಕಕ್ಕಿಲ್ಲ. ಸಿಕ್ಕಿಬಿದ್ದರೆ ಶಿಕ್ಷೆ ಹದಿನೈದು ವರ್ಷದವರೆಗೆ ಹೋಗಬಹುದು. 2022ಕ್ಕೆ ಮೊದಲು ಹತ್ತು ಇತ್ತು. ಜೈಲು ತಪ್ಪಿದರೂ ಗಡೀಪಾರು ಇದ್ದೇ ಇದೆ. "ಇಟ್ಟುಕೊಳ್ಳುವುದು" ಅಂದರೆ ಕೊಂಡು ಮನೆಗೆ ತರುವುದು ಮಾತ್ರ ಅಲ್ಲ. ಆಫೀಸಿನ ಗೆಳೆಯ "ಬಾರಪ್ಪಾ, ಶನಿವಾರ ಶೂಟಿಂಗ್ ರೇಂಜ್‌ಗೆ ಹೋಗೋಣ" ಅಂತ ಕರೆದುಕೊಂಡು ಹೋಗಿ ಬಾಡಿಗೆ ರೈಫಲ್ ಕೈಗೆ ಕೊಟ್ಟರೂ ಅದು ಇಟ್ಟುಕೊಂಡ ಲೆಕ್ಕವೇ. ಫ್ಲೋರಿಡಾದಲ್ಲಿ ಕಾಲೇಜಿನಿಂದ ಹೊರಬಿದ್ದು ವೀಸಾ ಕಳೆದುಕೊಂಡಿದ್ದ ಒಬ್ಬ ವಿದ್ಯಾರ್ಥಿ ರೇಂಜ್‌ನಲ್ಲಿ ಗುಂಡು ಹೊಡೆದದ್ದಕ್ಕೇ ಕೇಸಾಗಿ, 2019ರಲ್ಲಿ ಅದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ಕೋರ್ಟ್ ಅವನ ಪರವಾಗಿ ಒಂದು ಮಾತು ಹೇಳಿತು ನಿಜ. ಅಲ್ಲಿಯವರೆಗೆ ಆದ ವಕೀಲರ ಖರ್ಚು ನಮ್ಮಂಥವರಿಂದ ಆಗುವುದಾ?

ಇನ್ನೊಂದು ದಾರಿ ನಿನಗೆ ಹೊಳೆಯುತ್ತದೆ ಅಂತ ಗೊತ್ತು, ನನಗೂ ಒಮ್ಮೆ ಹೊಳೆದಿತ್ತು. ಗ್ರೀನ್ ಕಾರ್ಡ್, ಅಂದರೆ ಕಾಯಂ ವಾಸದ ಪರವಾನಗಿ, ಇರುವ ಗೆಳೆಯನ ಹೆಸರಲ್ಲಿ ತಗೊಳ್ಳುವುದು, ದುಡ್ಡು ನಿನ್ನದು. ಅಂಗಡಿಯಲ್ಲಿ 4473 ಅಂತ ಒಂದು ಫಾರಂ ತುಂಬಿಸುತ್ತಾರೆ. ನಿಜವಾಗಿ ಕೊಳ್ಳುತ್ತಿರುವವನು ನೀನೇನಾ ಅಂತ ಅದರಲ್ಲಿ ನೇರವಾಗಿ ಕೇಳಿದ್ದಾರೆ. ಅಲ್ಲಿ ಸುಳ್ಳು ಬರೆದರೆ ಇಬ್ಬರೂ ಮುಳುಗಿದಿರಿ.

ಒಂದು ವಿನಾಯಿತಿ ಇದೆ, ಮುಚ್ಚಿಡುವುದಿಲ್ಲ. ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ಆ ನಿಷೇಧ ನಿನಗೆ ತಾಗುವುದಿಲ್ಲ. ಟೆಕ್ಸಾಸ್‌ನಲ್ಲಿ ಆರು ತಿಂಗಳು ಇದ್ದವರಿಗೆ ಅದು 25 ಡಾಲರ್. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರು ಹಂಟರ್ ಎಜುಕೇಶನ್ ಕೋರ್ಸ್ ಕೂಡ ಮಾಡಬೇಕು. ಎಡವುವುದು ಎರಡು ಕಡೆ. ಇಲ್ಲಿ ಕಾಡುಹಂದಿ ಕಾಟ ನಮ್ಮ ತೋಟಗಳಿಗಿಂತ ಜಾಸ್ತಿ. 2019ರಿಂದ ಜಮೀನಿನ ಮಾಲೀಕರು ಒಪ್ಪಿದರೆ ಖಾಸಗಿ ಜಾಗದಲ್ಲಿ ಹಂದಿ ಹೊಡೆಯಲು ಲೈಸೆನ್ಸೇ ಬೇಡ. ಎಲ್ಲರೂ ನಿನಗೆ ಅದನ್ನೇ ಹೇಳುತ್ತಾರೆ. ಹಂದಿಯ ಲೆಕ್ಕದಲ್ಲಿ ಬೇಡ, ನಿನ್ನ ವೀಸಾದ ಲೆಕ್ಕದಲ್ಲಿ ಬೇಕೇ ಬೇಕು. ಎರಡನೆಯದು, ಆ ಲೈಸೆನ್ಸ್ ಆಗಸ್ಟ್ 31ಕ್ಕೆ ಮುಗಿಯುತ್ತದೆ. ಮರೆತೆ ಅಂದುಕೋ, ಸೆಪ್ಟೆಂಬರ್ 3ಕ್ಕೆ ನಿಮ್ಮ ಕೊಡಗಿನ ಆಯುಧ ಹಬ್ಬ ಕೈಲ್ ಮುಹೂರ್ತ ಅಂತ ರೈಫಲ್‌ಗೆ ಹೂ ಇಟ್ಟು ಪೂಜೆ ಮಾಡುವ ಹೊತ್ತಿಗೆ ಅದು ಮನೆಯಲ್ಲಿರುವುದೇ ಅಪರಾಧ!

ನಿಮ್ಮ ಕೊಡವರಲ್ಲಿ ಕೋವಿಗೆ ಲೈಸೆನ್ಸ್ ವಿನಾಯಿತಿ ಇದೆ, 2029ರ ಅಕ್ಟೋಬರ್‌ವರೆಗೆ ಮುಂದುವರಿಸಿದ್ದಾರೆ. ಕೋವಿ ಅಂದರೆ ಮನೆಯ ಒಬ್ಬ ಸದಸ್ಯನ ಹಾಗೆ ಬೆಳೆದವನು ನೀನು. ನಮ್ಮ ಕಡೆ ಹಾಗಲ್ಲ. ಎಲೆಕ್ಷನ್ ಬಂತು ಅಂದರೆ ಅಪ್ಪ ಒಂಟಿ ನಳಿಗೆ ಕೋವಿಯನ್ನು ಗೋಣಿಯಲ್ಲಿ ಸುತ್ತಿ ಸ್ಟೇಷನ್ನಿನಲ್ಲಿ ಠೇವಣಿ ಇಟ್ಟು ಬರುತ್ತಿದ್ದರು, ಆ ತಿಂಗಳೇ ಹಂದಿಗಳು ತೋಟಕ್ಕೆ ನುಗ್ಗುತ್ತಿದ್ದವು. ಇಲ್ಲಿ ಕೋವಿ ಸುಲಭ, ಕಾಗದ ಕಷ್ಟ. ಗ್ರೀನ್ ಕಾರ್ಡ್ ಕೈಗೆ ಬರಲಿ. ಅರ್ಜಿ ಹಾಕಿದ್ದೇನೆ ಅನ್ನುವುದು ಸಾಲದು.

ಈಗ ನೀನು ಕೇಳಿದ್ದಕ್ಕೆ ಬರುತ್ತೇನೆ, ಮುಂದಕ್ಕೆ ಬೇಕಾಗುತ್ತದೆ.

ಮೂರೂ ಸೆಮಿ ಆಟೋಮ್ಯಾಟಿಕ್. ಟ್ರಿಗರ್ ಒಮ್ಮೆ ಎಳೆದರೆ ಒಂದೇ ಗುಂಡು. ಸೈನ್ಯದವರದ್ದರ ಹಾಗೆ ಸುರಿಯುವುದಿಲ್ಲ. ಅಂಥದ್ದನ್ನು 1986ರ ನಂತರ ಹೊಸದಾಗಿ ಜನಸಾಮಾನ್ಯರಿಗೆ ಮಾರುವ ಹಾಗೇ ಇಲ್ಲ. ಎಆರ್ ಅಂದರೆ ಅಸಾಲ್ಟ್ ರೈಫಲ್ ಅಂತ ಎಷ್ಟೋ ಜನ ತಿಳಿದಿದ್ದಾರೆ. ಅದು ಆರ್ಮಲೈಟ್ ಕಂಪನಿಯ ಹೆಸರಿನ ಎರಡಕ್ಷರ ಅಷ್ಟೇ. ಯೂಜೀನ್ ಸ್ಟೋನರ್ 1950ರ ದಶಕದಲ್ಲಿ ಅಲ್ಲಿದ್ದಾಗ ಮಾಡಿದ ವಿನ್ಯಾಸ. 1959ರಲ್ಲಿ ಕೋಲ್ಟ್ ಅದರ ಹಕ್ಕು ಕೊಂಡಿತು. ಪೇಟೆಂಟ್ ಮುಗಿದ ಮೇಲೆ ಯಾರು ಬೇಕಾದರೂ ಮಾಡಬಹುದಾಯಿತು. ಅದಕ್ಕೇ ಗೋಡೆಯ ಮೇಲಿನ ಮುಕ್ಕಾಲು ಪಾಲು ಒಂದೇ ಅಚ್ಚಿನ ಹಾಗೆ ಕಾಣುತ್ತದೆ.

ನನ್ನ ಮನೆಯಲ್ಲಿ ಮೊದಲು ಬಂದದ್ದು ಎಆರ್. ಕಾರಣ ಹೇಳಲು ಸ್ವಲ್ಪ ನಾಚಿಕೆ, ನನ್ನ ಹೆಂಡತಿಯ ಎತ್ತರ ಐದಡಿ. ಎಆರ್‌ನ ಹೆಗಲಿಗೆ ಒರಗಿಸುವ ಹಿಂದಿನ ದಸ್ತವನ್ನು ಒಂದು ಗುಂಡಿ ಒತ್ತಿ ಮುಂದಕ್ಕೆ ಹಿಂದಕ್ಕೆ ಸರಿಸಬಹುದು. ನನಗೆ ಉದ್ದ, ಅವಳಿಗೆ ಗಿಡ್ಡ. ಒದೆತವೂ ಕಡಿಮೆ. ಅಪ್ಪನ ಕೋವಿಯಲ್ಲಿ ಒಂದು ಈಡು ಹೊಡೆದರೆ ಎರಡು ದಿನ ಹೆಗಲು ನೋಯುತ್ತಿತ್ತು, ಇದು ಹೆಗಲು ತಟ್ಟಿದ ಹಾಗೆ. ಎರಡು ಪಿನ್ ತಳ್ಳಿದರೆ ಎರಡು ತುಂಡಾಗುತ್ತದೆ, ಒರೆಸಲು ಸಲೀಸು. ನಳಿಗೆಯ ಮೇಲೆ ಯಾವ ಗುಂಡಿನ ಅಳತೆ ಬರೆದಿದೆ ಅಂತ ಮಾತ್ರ ಓದಿ ತಗೋ. .223 ಅಂತ ಇದ್ದರೆ ಅದರಲ್ಲಿ 5.56 ಗುಂಡು ಹಾಕಬಾರದು, ಒತ್ತಡ ಜಾಸ್ತಿ ಆಗುತ್ತದೆ. 5.56 ಅಂತ ಇದ್ದರೆ ಎರಡನ್ನೂ ಹಾಕಬಹುದು. ಇನ್ನೊಂದು, ನಳಿಗೆ 16 ಇಂಚಿಗಿಂತ ಗಿಡ್ಡ ಇರುವ ರೈಫಲ್ ಕಡೆ ಹೋಗಬೇಡ. ಅದರ ನೋಂದಣಿಯೇ ಬೇರೆ, ತಲೆನೋವೂ ಬೇರೆ.

ಎಕೆ ಬೇರೆ ಜಾತಿ. ಬಲಗಡೆ ಉದ್ದನೆಯ ಸೇಫ್ಟಿ, ಕೆಳಕ್ಕೆ ಒತ್ತಿದರೆ 'ಖಟ್' ಅಂತ ಇಡೀ ರೇಂಜ್‌ಗೆ ಕೇಳುತ್ತದೆ. ಗುಂಡು ತುಂಬಿದ ಮ್ಯಾಗಜೀನನ್ನು ನೇರ ತೂರಿಸಲು ಬರುವುದಿಲ್ಲ, ಮುಂದಿನ ತುದಿ ಸಿಕ್ಕಿಸಿ ಹಿಂದಕ್ಕೆ ಮಗುಚಬೇಕು. ಇಲ್ಲಿ ಜಾಸ್ತಿ ಸಿಗುವುದು ರುಮೇನಿಯಾದಿಂದ ಬರುವ ವಾಸರ್-10. ಅದರ 7.62 ಗುಂಡು ಮೊದಲು ಕಡಲೆಕಾಯಿ ಬೆಲೆಗೆ ಸಿಗುತ್ತಿತ್ತು, ಹೆಚ್ಚಿನದು ರಷ್ಯಾದ ಮಾಲು. 2021ರಲ್ಲಿ ಅಮೆರಿಕ ರಷ್ಯಾದ ಗುಂಡುಗಳಿಗೆ ಹೊಸ ಆಮದು ಪರವಾನಗಿ ಕೊಡುವುದು ನಿಲ್ಲಿಸಿತು, ಅಗ್ಗ ಅನ್ನುವ ಹಳೆಯ ವಾದ ಅಲ್ಲಿಗೆ ಬಿದ್ದುಹೋಯಿತು. ನಾನು ಮೊದಲ ಸಲ ಗೆಳೆಯನ ಎಕೆ ಜೊತೆ ಒಳಾಂಗಣ ರೇಂಜ್‌ಗೆ ಹೋದಾಗ ಕೌಂಟರಿನವನು ಒಂದು ಅಯಸ್ಕಾಂತ ತಂದು ಗುಂಡಿಗೆ ಹಿಡಿದ. ಟಪ್ ಅಂತ ಅಂಟಿತು. "ಉಕ್ಕು ಇರುವುದನ್ನು ಇಲ್ಲಿ ಬಿಡುವುದಿಲ್ಲ" ಅಂದ. ಮುನ್ನೂರು ಗುಂಡು ಹೊತ್ತುಕೊಂಡು ಹೋದ ನಾವು ಬಿರಿಯಾನಿ ತಿಂದು ಮನೆಗೆ ಬಂದೆವು.

ಮಿನಿ-14 ನಿನ್ನ ಕಣ್ಣಿಗೆ ಯಾಕೆ ಬಿತ್ತು ಅಂತ ಗೊತ್ತು. ಮರದ ದಸ್ತ, ನೋಡಲು ಕೋವಿಯ ಹಾಗೆ ಇದೆ. ರೂಗರ್ ಕಂಪನಿ 1970ರ ದಶಕದಿಂದ ಮಾಡುತ್ತಿದೆ, ಅಮೆರಿಕದ ಸೈನ್ಯದ ಎಂ-14 ರೈಫಲ್‌ನ ಮರಿ ಅನ್ನಬಹುದು. ಗುಂಡು ಎಆರ್‌ನದ್ದೇ, ಮ್ಯಾಗಜೀನ್ ಮಾತ್ರ ಅದರದ್ದೇ, ದುಬಾರಿ. ಒಳ್ಳೆಯ ರೈಫಲ್. ಆದರೆ ಅದೇ ದುಡ್ಡಿಗೆ ಇನ್ನೂ ಒಳ್ಳೆಯ ಎಆರ್ ಬರುತ್ತದೆ. ಊರು ನೆನಪಾಗುತ್ತದೆ ಅಂತ ತಗೊಂಡರೆ ನಾನು ಬೇಡ ಅನ್ನುವುದಿಲ್ಲ.

ನೀನು ಕೇಳದ ಒಂದು ರೈಫಲ್ ಇದೆ, ನನ್ನ ಮನಸ್ಸು ಇರುವುದು ಅಲ್ಲಿ. ಎಂ-1 ಗರಾಂಡ್. ಅಮೆರಿಕದ ಸೈನ್ಯ 1936ರಲ್ಲಿ ತಗೊಂಡದ್ದು, ಎರಡನೇ ಮಹಾಯುದ್ಧ ನೋಡಿದ್ದು. ನಾಲ್ಕು ಕೆಜಿಗಿಂತ ಜಾಸ್ತಿ ಭಾರ, ಅಡಿಕೆ ದೋಟಿ ಹೊತ್ತವನಿಗೆ ಏನಲ್ಲ ಬಿಡು. ಎಂಟು ಗುಂಡಿನ ಕ್ಲಿಪ್ ಮೇಲಿನಿಂದ ಒತ್ತಬೇಕು. ಎಂಟನೆಯದು ಹಾರಿದ ಮೇಲೆ ಖಾಲಿ ಕ್ಲಿಪ್ 'ಟಿಂಗ್' ಅಂತ ಚಿಮ್ಮುತ್ತದೆ. ನಾಗರಿಕರಿಗೆ ಗುರಿ ಕಲಿಸಲು ಸಿಎಂಪಿ ಅಂತ ಸಂಸ್ಥೆ ಇದೆ, ಸೈನ್ಯದ ಹಳೆಯ ಗರಾಂಡ್‌ಗಳನ್ನು ಅವರು ಅಮೆರಿಕದ ಪ್ರಜೆಗಳಿಗೆ ಮಾರುತ್ತಾರೆ. ಪೌರತ್ವ ಸಿಕ್ಕ ವರ್ಷವೇ ತರಿಸಿದೆ. ಮೊದಲ ವಾರವೇ ಕ್ಲಿಪ್ ಒತ್ತುವಾಗ ಬೋಲ್ಟ್ ಬಂದು ಹೆಬ್ಬೆರಳಿಗೆ ಬಡಿಯಿತು, ಉಗುರು ಕಪ್ಪಾಗಿ ಎರಡು ತಿಂಗಳು ಹಾಗೇ ಇತ್ತು. ಇಲ್ಲಿಯವರು ಅದಕ್ಕೆ ಗರಾಂಡ್ ಥಂಬ್ ಅಂತಲೇ ಹೆಸರಿಟ್ಟಿದ್ದಾರೆ. ಎಆರ್ ಆಮೇಲೆ ಮಾರಿಬಿಟ್ಟೆ. ಮನೆಯಲ್ಲಿ ಒಂದಿದೆ ಅಂದೆನಲ್ಲ, ಅದು ಗೆಳೆಯ ಊರು ಬಿಡುವಾಗ ಕೊಟ್ಟುಹೋದ ಮಿನಿ-14. ಅದರ ಪಕ್ಕದಲ್ಲಿ ಗರಾಂಡ್.

ಎಆರ್ ಮಾರಿದ್ದಕ್ಕೆ ಕಾರಣ ಇತ್ತು. 2022ರ ಮೇ 24ರಂದು ಇದೇ ಟೆಕ್ಸಾಸ್‌ನ ಯುವಾಲ್ಡಿಯಲ್ಲಿ ಒಬ್ಬ ಹುಡುಗ ಅಂಥದ್ದೇ ರೈಫಲ್ ಹಿಡಿದು ಶಾಲೆಗೆ ನುಗ್ಗಿ ಹತ್ತೊಂಬತ್ತು ಮಕ್ಕಳನ್ನು, ಇಬ್ಬರು ಟೀಚರ್‌ಗಳನ್ನು ಕೊಂದ. ನನ್ನ ಮಗಳು ಆಗ ನಾಲ್ಕನೇ ಕ್ಲಾಸು. ಆಮೇಲೆ ಕೋವಿ ಬೀಗ ಹಾಕಿ ಇಡುವ ಸೇಫ್ ತೆರೆದಾಗಲೆಲ್ಲ ಆ ಕಪ್ಪು ಬಣ್ಣ ನೋಡಲಾಗುತ್ತಿರಲಿಲ್ಲ. ಗರಾಂಡೂ ಕೊಲ್ಲಲೆಂದೇ ಮಾಡಿದ್ದು, ಇದರಲ್ಲಿ ತರ್ಕ ಇಲ್ಲ ಅಂತ ನನಗೂ ಗೊತ್ತು.

ಸೇಫ್ ಅಂದೆ. ರೈಫಲ್‌ಗಿಂತ ಮೊದಲು ಅದನ್ನೇ ತಗೋ. ಹದಿನೇಳು ತುಂಬದ ಮಕ್ಕಳ ಕೈಗೆ ಕೋವಿ ಸಿಗುವ ಹಾಗೆ ಇಟ್ಟರೆ ಟೆಕ್ಸಾಸ್‌ನಲ್ಲೂ ಅಪರಾಧ. ನಮ್ಮಲ್ಲಿ ಕೋವಿಯನ್ನು ಗೋಡೆಯ ಗೂಟಕ್ಕೆ ನೇತುಹಾಕುವ ಹಾಗೆ ಇಲ್ಲಿ ಮಾಡಬೇಡ. ಪ್ರಾಜೆಕ್ಟ್ ಬದಲಾಗಿ ಬೇರೆ ರಾಜ್ಯಕ್ಕೆ ಹೋಗುವುದಾದರೆ ಮೊದಲು ವಿಚಾರಿಸು. ಕ್ಯಾಲಿಫೋರ್ನಿಯಾ 1989ರಿಂದ, ನ್ಯೂಜೆರ್ಸಿ 1990ರಿಂದ ಇಂಥವನ್ನು ತಡೆದಿವೆ. ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯವೂ 2023ರಲ್ಲಿ ಸೇರಿಕೊಂಡಿತು.

ರೇಂಜ್‌ಗೆ ಒಯ್ಯುವ ಬ್ಯಾಗನ್ನು ಊರಿಗೆ ಹೋಗುವಾಗ ಮುಟ್ಟಲೇಬೇಡ. ಒಂದು ಡಿಸೆಂಬರಿನಲ್ಲಿ ಅಮ್ಮನಿಗೆ ಬಾದಾಮಿ ತುಂಬಿಸುತ್ತಾ ಕೂತಿದ್ದೆ. ಬ್ಯಾಗಿನ ತಳದ ಹೊಲಿಗೆಯಲ್ಲಿ ಏನೋ ಗಟ್ಟಿ ಸಿಕ್ಕಿತು. ಜೀವಂತ .223 ಗುಂಡು. ಮರೆತು ಬ್ಯಾಗಿನಲ್ಲಿ ಉಳಿದ ಒಂದೇ ಗುಂಡಿಗೆ ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಎಷ್ಟು ಜನರ ಮೇಲೆ ಆರ್ಮ್ಸ್ ಆಕ್ಟ್ ಕೇಸ್ ಬಿದ್ದಿದೆ ಗೊತ್ತಾ? ಆ ಬ್ಯಾಗನ್ನು ಆ ರಾತ್ರಿಯೇ ಗ್ಯಾರೇಜಿಗೆ ಎಸೆದೆ.

ಥ್ಯಾಂಕ್ಸ್‌ಗಿವಿಂಗ್ ರಜೆಗೆ ಈ ಕಡೆ ಬಾ. ಊರಿಂದ ತಂದ ಕಾಚಂಪುಳಿ ಹುಳಿರಸ ಮಿಕ್ಕಿದ್ದರೆ ಒಂದು ಸಣ್ಣ ಬಾಟಲಿ ತಗೊಂಡು ಬಾ, ಹಂದಿ ಮಾಂಸ ನಾನು ತಂದಿಡುತ್ತೇನೆ. ಗರಾಂಡ್ ತೋರಿಸುತ್ತೇನೆ, ದೂರದಿಂದ. ಕೈ ಹಿಂದೆ ಕಟ್ಟಿಕೊಂಡು ನೋಡಬೇಕು ಅಷ್ಟೇ.