ಸಿವಿಲ್ ದಾವೆಯಲ್ಲಿ ಎದುರು ಪಕ್ಷದವರ ಬಳಿ ಇರುವ ದಾಖಲೆಗಳನ್ನು ಕೇಳುವುದು ಹೇಗೆ?

ನಿಮ್ಮ ವಾದಕ್ಕೆ ಬೇಕಾದ ಕಾಗದಪತ್ರ ಎದುರು ಪಕ್ಷದವರ ಕೈಯಲ್ಲಿದ್ದರೂ ಅದನ್ನು ತರಿಸಿಕೊಳ್ಳಬಹುದು. ಆದರೆ ಕೇಳುವ ರೀತಿ ಬಹಳ ಮುಖ್ಯ.

‘ಈ ವ್ಯವಹಾರದ ಎಲ್ಲ ದಾಖಲೆ ಕೊಡಿ’ ಅಂತ ಬರೆದರೆ ಸುಮ್ನೆ ಆಕ್ಷೇಪಣೆಗೆ ದಾರಿ ಮಾಡಿಕೊಟ್ಟ ಹಾಗೆ. ಅದರ ಬದಲು ಹೀಗೆ ಬರೆಯಿರಿ: ‘2021ರ ಏಪ್ರಿಲ್‌ನಿಂದ 2022ರ ಮಾರ್ಚ್‌ವರೆಗೆ ಗೋದಾಮಿನ ರಿಪೇರಿ ಬಗ್ಗೆ ಪ್ರತಿವಾದಿ ಗುತ್ತಿಗೆದಾರರಿಗೆ ಕಳಿಸಿದ ಪತ್ರ, ಇಮೇಲ್, ಬಿಲ್ಲು, ರಸೀದಿಗಳು.’ ಅವಧಿ, ವಿಷಯ, ದಾಖಲೆಯ ಬಗೆ ಮೂರೂ ಸ್ಪಷ್ಟವಾಗಿವೆ, ಅಲ್ವಾ? ಇಷ್ಟು ಖಚಿತವಾಗಿ ಕೇಳಿದಾಗ ‘ಏನು ಬೇಕೋ ಅರ್ಥವಾಗಲಿಲ್ಲ’ ಅಂತ ತಪ್ಪಿಸಿಕೊಳ್ಳುವುದು ಕಷ್ಟ. ಮೊಬೈಲ್ ಸಂದೇಶ, ಕಂಪ್ಯೂಟರ್ ಫೈಲ್ ಬೇಕಿದ್ದರೆ ಅದನ್ನೂ ಬಿಡಿಸಿ ಹೇಳಿ.

ವಿಧಾನ ದೇಶದಿಂದ ದೇಶಕ್ಕೆ ಬೇರೆ. ಅಮೆರಿಕದ ಫೆಡರಲ್ ನ್ಯಾಯಾಲಯಗಳಲ್ಲಿ ಸಿವಿಲ್ ಪ್ರಕ್ರಿಯಾ ನಿಯಮಗಳ ನಿಯಮ 34ರಂತೆ ಎದುರು ಪಕ್ಷಕ್ಕೆ ನೇರವಾಗಿ ಲಿಖಿತ ಕೋರಿಕೆ ಕಳಿಸುತ್ತಾರೆ. ಉತ್ತರಕ್ಕೆ ಸಾಮಾನ್ಯವಾಗಿ 30 ದಿನ. ಭಾರತದಲ್ಲಿ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 11ರ ಅಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಎದುರು ಪಕ್ಷದವರು ತಮ್ಮ ವಾದಪತ್ರದಲ್ಲೇ ಹೆಸರಿಸಿದ ದಾಖಲೆಯಾದರೆ ನೋಟಿಸ್ ಕೊಟ್ಟು ನೋಡಲು ಕೇಳಬಹುದು.

ವಕೀಲರು ಮತ್ತು ಕಕ್ಷಿದಾರರ ನಡುವಿನ ಗೋಪ್ಯ ಮಾತುಕತೆ ಮಾತ್ರ ಸಾಮಾನ್ಯವಾಗಿ ಸಿಗುವುದಿಲ್ಲ.

ಕೊಡದೇ ಸತಾಯಿಸಿದರೆ ಜಾಸ್ತಿ ಕಾಯಬೇಡಿ, ನ್ಯಾಯಾಲಯದ ಆದೇಶ ಕೇಳಿ. ಆದೇಶವನ್ನೂ ಮೀರಿದರೆ ಪ್ರತಿವಾದಿಯ ಪ್ರತಿವಾದವನ್ನೇ ತೆಗೆದುಹಾಕುವ ಅಧಿಕಾರ ಎರಡೂ ದೇಶಗಳ ನ್ಯಾಯಾಲಯಗಳಿಗಿದೆ. ಕಳಿಸಿದ ಕೋರಿಕೆಯ ಪ್ರತಿ, ತಲುಪಿದ್ದಕ್ಕೆ ಪುರಾವೆ ದಯವಿಟ್ಟು ಜೋಪಾನವಾಗಿಡಿ. ಆದೇಶ ಕೇಳುವಾಗ ಮೊದಲು ತೋರಿಸಬೇಕಾದದ್ದು ಅದನ್ನೇ.