ವೈಸ್ ಇಲ್ಲದೆ ತೆಳು ಪಟ್ಟಿಗೆ ರಂದಾ ಹೊಡೆಯೋದು ಹೇಗೆ?

ನೀವು ಕೇಳಿದ್ದು ಇಷ್ಟು ಅಲ್ವಾ: ವಿಜಯಪುರದಲ್ಲಿ ಮನೆಯಲ್ಲೇ ಫೋಟೊ ಫ್ರೇಮಿಗೆ 3 ಮಿ.ಮೀ. ದಪ್ಪದ ಸಾಗವಾನಿ ಪಟ್ಟಿ ಮಾಡುತ್ತಿದ್ದೀರಿ, ಹಲಗೆಯ ಮುಂದಿನ ತುದಿಗೆ ಮೊಳೆ ಬಡಿದು ತಡೆ ಕೊಟ್ಟಿದ್ದೀರಿ, ಆದರೂ ರಂದಾ (ಮರ ಕೀಸುವ ಉಪಕರಣ) ಹೊಡೆದಾಗ ಪಟ್ಟಿ ನಡುವೆ ಕಮಾನಾಗಿ ಎದ್ದು ಮುರಿಯುತ್ತದೆ, ಇದಕ್ಕೆ ವೈಸ್, ಅಂದರೆ ಮರವನ್ನು ಬಿಗಿಹಿಡಿಯುವ ಸಾಧನ, ತರಲೇಬೇಕಾ ಅಂತ. ಬೇಡ. ಸುಮ್ನೆ ದುಡ್ಡು ಹಾಕಬೇಡಿ. ಪಟ್ಟಿಯನ್ನು ಮುಂದೆ ತಡೆಯುವ ಬದಲು ಹಿಂದೆ ಹಿಡಿಯಿರಿ.

ದಪ್ಪ ಹಲಗೆಗೆ ಮುಂದಿನ ತಡೆ ಸಾಕು, ತಳ್ಳಿದ ಬಲವನ್ನು ಅದು ತಾಳಿಕೊಳ್ಳುತ್ತದೆ. ತೆಳು ಪಟ್ಟಿಗೆ ಆ ತಾಕತ್ತಿಲ್ಲ. ರಂದಾಕ್ಕೂ ಮೊಳೆಗೂ ನಡುವೆ ಸಿಕ್ಕ ಭಾಗ ಮೇಲೇಳುತ್ತದೆ, ಅಲಗು ಅಲ್ಲಿ ಆಳವಾಗಿ ಕಚ್ಚುತ್ತದೆ, ಪಟ್ಟಿ ಹೋಯಿತು. ಅದೇ ಪಟ್ಟಿಯನ್ನು ನಿಮ್ಮ ಕಡೆಯ ತುದಿಯಲ್ಲಿ ಹಿಡಿದರೆ ರಂದಾ ಅದನ್ನು ಎಳೆಯುತ್ತದೆ. ಎಳೆದಷ್ಟೂ ನೆಟ್ಟಗಾಗುತ್ತದೆ.

ಬೆಳಗಾವಿಯಲ್ಲಿ ನಾನು ಇದಕ್ಕೆ ಅಡಿ ಹಲಗೆಯಾಗಿ ಬಳಸುವುದು ಹಳೆಯ ಕಪಾಟಿನ ಸನ್‌ಮೈಕಾ ಹಚ್ಚಿದ ಪ್ಲೈವುಡ್ ತುಂಡು. ಸಪಾಟಾಗಿರಬೇಕು, ಪಟ್ಟಿಗಿಂತ ಉದ್ದ ಇರಬೇಕು. ಪಟ್ಟಿಯ ಹಿಂದಿನ ಎರಡು ಮೂರು ಇಂಚಿನ ಕೆಳಗೆ ಮಾತ್ರ ತೆಳುವಾದ ಡಬಲ್ ಸೈಡ್ ಟೇಪ್ ಹಚ್ಚಿ ಗಟ್ಟಿಯಾಗಿ ಒತ್ತಿ. ಕ್ಲ್ಯಾಂಪ್ ಹಾಕಿದರೆ ರಂದಾದ ಹಿಂಬದಿ ಅದಕ್ಕೆ ಬಡಿಯುತ್ತದೆ. ಟೇಪ್ ಆದರೆ ಮೇಲೆ ಏನೂ ಅಡ್ಡ ಇರುವುದಿಲ್ಲ. ಬಿಡಿಸುವಾಗ ಮೇಲಕ್ಕೆ ಕೀಳಬೇಡಿ, ತೆಳು ಚಾಕು ತೂರಿಸಿ ಮೆಲ್ಲಗೆ ಸರಿಸುತ್ತಾ ಹೋಗಿ. ಪಟ್ಟಿ ಜಾರದಿರಲಿ ಅಂತ ಹಲಗೆಗೆ ಪಾಲಿಶ್ ಪೇಪರ್ (ಮರ ಉಜ್ಜುವ ಒರಟು ಕಾಗದ) ಅಂಟಿಸುವವರೂ ಇದ್ದಾರೆ, ನನಗೆ ಅದು ಸೇರುವುದಿಲ್ಲ, ರಂದಾ ಪಟ್ಟಿಯಿಂದ ಸ್ವಲ್ಪ ಜಾರಿದರೂ ಅಲಗು ಅದಕ್ಕೆ ತಾಗಿ ಮೊಂಡಾಗುತ್ತದೆ.

ಇನ್ನು ಎಲ್ಲ ಪಟ್ಟಿಗೂ ಒಂದೇ ದಪ್ಪ ಬರಬೇಕಲ್ಲ. ರಂದಾದ ತಳದಲ್ಲಿ ಅಲಗಿನ ಎರಡೂ ಪಕ್ಕ ಒಂದಿಷ್ಟು ಅಂಚು ಉಳಿದಿರುತ್ತದೆ, 2 ಇಂಚಿನ ಅಲಗಿನ ಕಬ್ಬಿಣದ ರಂದಾದಲ್ಲಿ ಹೆಚ್ಚುಕಡಿಮೆ ಕಾಲು ಇಂಚು. ಅಲ್ಲಿ ಉದ್ದಕ್ಕೂ, ಎರಡೂ ಪಕ್ಕ, 3 ಮಿ.ಮೀ.ಗಿಂತ ಕೂದಲೆಳೆಯಷ್ಟು ಜಾಸ್ತಿ ದಪ್ಪದ ರೀಪುಗಳನ್ನು, ಅಂದರೆ ಕಿರಿದಾದ ಮರದ ಕಡ್ಡಿಗಳನ್ನು, ಅಂಟಿಸಿ. ಕೂದಲೆಳೆ ಯಾಕೆಂದರೆ ಅಲಗು ತಳದಿಂದ ಅಷ್ಟು ಹೊರಗೆ ಚಾಚಿರುತ್ತದೆ. ಪಟ್ಟಿ ಅಳತೆಗೆ ಬಂದ ತಕ್ಷಣ ರೀಪುಗಳು ಹಲಗೆಗೆ ಕೂರುತ್ತವೆ, ರಂದಾ ಕೀಸುವುದನ್ನು ತಾನೇ ನಿಲ್ಲಿಸುತ್ತದೆ. ಸ್ವಲ್ಪ ಮೇಣದಬತ್ತಿ ಉಜ್ಜಿದರೆ ಚೆನ್ನಾಗಿ ಜಾರುತ್ತದೆ. ಪಟ್ಟಿ ಮಾತ್ರ ಅಲಗಿಗಿಂತ ಕಿರಿದಾಗಿರಬೇಕು.

ಅಲಗಿನ ವಿಷಯದಲ್ಲಿ ರಾಜಿ ಬೇಡವೇ ಬೇಡ. ಸಾಗವಾನಿಯಲ್ಲಿ ಸಿಲಿಕಾ ಇರುತ್ತದೆ, ಅಲಗು ಬೇಗ ಸವೆಯುತ್ತದೆ. ಮೊಂಡಾದರೆ ತಳ್ಳಲು ಜಾಸ್ತಿ ಬಲ ಬೇಕು, ಆಗ ಯಾವ ಟೇಪೂ ನಿಲ್ಲುವುದಿಲ್ಲ. ಹಾಗಾಗಿ ನಡುನಡುವೆ ಸಾಣೆಕಲ್ಲಿಗೆ ಹಿಡಿಯಿರಿ, ಅಲಗನ್ನು ಕಡಿಮೆ ಹೊರಗೆ ಬಿಡಿ, ನಾರು ಏಳುತ್ತಿದ್ದರೆ ಪಟ್ಟಿ ತಿರುಗಿಸಿ ಅಂಟಿಸಿ.

ಮತ್ತೊಂದು, ಮರ ಖಾನಾಪುರದ ಕಡೆಯಿಂದ ತಂದಿದ್ದರೆ ಕೊಯ್ದ ಕೂಡಲೇ ಕೊನೆಯ ಅಳತೆಗೆ ತರಬೇಡಿ. ನಮ್ಮ ಕಡೆಯ ಮಳೆಗಾಲದ ತೇವ ನಿಮ್ಮ ಊರಿನ ಒಣ ಹವೆಗೆ ಆರುತ್ತಾ ಪಟ್ಟಿ ಬಾಗುತ್ತದೆ. ಬಾಗಿದ ತೆಳು ಪಟ್ಟಿಯನ್ನು ರಂದಾ ಒತ್ತಿ ಸಪಾಟು ಮಾಡುತ್ತದೆ, ಕೈ ಬಿಟ್ಟರೆ ಮತ್ತೆ ಬಾಗುತ್ತದೆ. ಸ್ವಲ್ಪ ದಪ್ಪವಾಗಿ ಕೊಯ್ದು, ನಡುವೆ ಚಿಕ್ಕ ಕಡ್ಡಿ ಇಟ್ಟು, ಕಟ್ಟಿ ನೆರಳಲ್ಲಿ ಕೆಲವು ದಿನ ಬಿಡಿ.

ಪಟ್ಟಿಗಳ ಅಂಚಿಗೆ ರಂದಾ ಹೊಡೆಯುವಾಗ ಒಂದೊಂದನ್ನೇ ಹಿಡಿದು ಒದ್ದಾಡಬೇಡಿ, ಎಲ್ಲವನ್ನೂ ಜೋಡಿಸಿ ಎರಡು ಮರದ ತುಂಡಿನ ನಡುವೆ ಸ್ಕ್ರೂ ಬಿಗಿದು ಒಂದೇ ಹಲಗೆ ಅನ್ನೋ ಹಾಗೆ ರಂದಾ ಹೊಡೆಯಿರಿ.