ಹೆಲ್ತ್ ಸೈನ್ಸಸ್ ಪದವಿ ಓದಿ ಕೊನೆಗೆ ಏನಾಗುತ್ತೇವೆ? ಬಿಡಲೇ, ಮುಂದುವರಿಸಲೇ?

ನಿಮ್ಮ ಪ್ರಶ್ನೆ ಓದಿದೆ. ಹೆಲ್ತ್ ಸೈನ್ಸಸ್ ಪದವಿಯ ಮೊದಲ ವರ್ಷದಲ್ಲಿದ್ದೀರಿ. ಡಾಕ್ಟರ್ ಓದು ಸಿಗದವರು ಸೇರುವ ಕೋರ್ಸ್ ಇದು ಅಂತ ಸುತ್ತಲಿನವರು ಅನ್ನುತ್ತಾರೆ. ಮುಗಿಸಿದ ಮೇಲೆ ಏನಾಗುತ್ತೀರಿ ಅಂತ ಯಾರಾದರೂ ಕೇಳಿದರೆ ಉತ್ತರ ಹೊಳೆಯುವುದಿಲ್ಲ. ಸ್ನಾಯುಗಳ ಹೆಸರು ಬಾಯಿಪಾಠ ಮಾಡಿ ಮಾಡಿ ಸಾಕಾಗಿದೆ, ಬಿಟ್ಟುಬಿಡಲೇ ಅಂತ ಕೇಳಿದ್ದೀರಿ.

ನಾನೂ ಇದೇ ಪದವಿ ಓದಿದ್ದು. ಈಗ ಆಸ್ಪತ್ರೆಯೊಂದರ ಸೋಂಕು ನಿಯಂತ್ರಣ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಡಾಕ್ಟರ್ ಆಗಬೇಕೆಂದೇ ಹೊರಟು, ಆಗದೆ, ಇಲ್ಲಿಗೆ ಬಂದವರ ಸಾಲಿನಲ್ಲಿ ನಾನೂ ಇದ್ದೆ. ಮೊದಲ ವರ್ಷವೆಲ್ಲ ಮೈ ತರಗತಿಯಲ್ಲಿ, ಮನಸ್ಸು ಬೇರೆಲ್ಲೋ. ಹಾಗಾಗಿ ನಿಮ್ಮ ಸಂಕಟ ನನಗೆ ಹೊಸದಲ್ಲ.

ಮೊದಲು ಕಹಿಯಾದದ್ದನ್ನೇ ಹೇಳಿಬಿಡುತ್ತೇನೆ. ನನಗೆ ಇದನ್ನು ಯಾರೂ ಸಮಯಕ್ಕೆ ಹೇಳಲಿಲ್ಲ. ಬರೀ 'ಹೆಲ್ತ್ ಸೈನ್ಸಸ್' ಅನ್ನುವ ಸಾಮಾನ್ಯ ಪದವಿ ಕೈಯಲ್ಲಿದ್ದ ಮಾತ್ರಕ್ಕೆ ರೋಗಿಗೆ ಚಿಕಿತ್ಸೆ ಕೊಡುವ ಅಧಿಕಾರ ಬರುವುದಿಲ್ಲ. ಬಹುತೇಕ ದೇಶಗಳಲ್ಲಿ ನರ್ಸ್, ಫಿಸಿಯೋಥೆರಪಿಸ್ಟ್, ಫಾರ್ಮಸಿಸ್ಟ್ ಆಗಲು ಆಯಾ ವೃತ್ತಿಯ ಮಂಡಳಿ ಒಪ್ಪಿದ ಕೋರ್ಸನ್ನೇ ಓದಿರಬೇಕು, ಆಮೇಲೆ ಹೆಸರು ನೋಂದಾಯಿಸಿಕೊಳ್ಳಬೇಕು. ಪದವಿ ಬೇರೆ, ಪರವಾನಗಿ ಬೇರೆ. ಇದೇ ಹೆಸರಿನ ಅಡಿಯಲ್ಲಿ ಒಂದು ಕಡೆ ಪರವಾನಗಿಗೆ ಒಯ್ಯುವ ಕೋರ್ಸ್ ಇರುತ್ತದೆ, ಇನ್ನೊಂದು ಕಡೆ ಬರೀ ಬುನಾದಿ ಹಾಕಿಕೊಡುವ ಕೋರ್ಸ್ ಇರುತ್ತದೆ. ನಿಮ್ಮದು ಯಾವುದು ಅಂತ ಪ್ರಚಾರದ ಹಾಳೆ ನೋಡಿ ನಂಬಬೇಡಿ. ವಿಭಾಗದ ಕಚೇರಿಗೆ ಹೋಗಿ ಒಂದೇ ಪ್ರಶ್ನೆ ಕೇಳಿ: "ಇದನ್ನು ಮುಗಿಸಿದವರು ಯಾವ ಮಂಡಳಿಯಲ್ಲಿ, ಯಾವ ಹೆಸರಿನಲ್ಲಿ ನೋಂದಾಯಿಸಿಕೊಳ್ಳಬಹುದು?" ಉತ್ತರ ಬರವಣಿಗೆಯಲ್ಲಿ ಸಿಕ್ಕರೆ ಒಳ್ಳೆಯದು.

ಇದರಿಂದ ಡಾಕ್ಟರ್ ಓದಿಗೆ ದಾರಿ ಇದೆಯೇ ಅನ್ನುವುದು ನೀವಿರುವ ದೇಶದ ಮೇಲೆ ನಿಂತಿದೆ. ಅಮೆರಿಕದಲ್ಲಿ, ಕೆನಡಾದ ಹೆಚ್ಚಿನ ಕಡೆ, ಪದವಿಯ ನಂತರವೇ ವೈದ್ಯಕೀಯ ಓದು. ಪದವಿ ಯಾವ ವಿಷಯದ್ದಾದರೂ ನಡೆಯುತ್ತದೆ, ಅವರು ಕೇಳಿದ ಕೆಲವು ವಿಷಯಗಳನ್ನು ಓದಿರಬೇಕು ಅಷ್ಟೆ. ಅಲ್ಲಿನ ಎಂಕ್ಯಾಟ್ ಪ್ರವೇಶ ಪರೀಕ್ಷೆಯಲ್ಲಿ 2015ರಿಂದ ಮನಃಶಾಸ್ತ್ರ, ಸಮಾಜಶಾಸ್ತ್ರದ ಭಾಗವೂ ಸೇರಿದೆ, ಹಾಗಾಗಿ ಹೆಲ್ತ್ ಸೈನ್ಸಸ್ ಓದಿದವರಿಗೆ ಅದು ಅಪರಿಚಿತ ಅನ್ನಿಸುವುದಿಲ್ಲ. ಬ್ರಿಟನ್ನಿನಲ್ಲಿ ಪದವೀಧರರಿಗೆಂದೇ ನಾಲ್ಕು ವರ್ಷದ ವೈದ್ಯಕೀಯ ಕೋರ್ಸುಗಳಿವೆ. ಶಾಲೆ ಮುಗಿಸಿ ನೇರ ವೈದ್ಯಕೀಯಕ್ಕೆ ಸೇರುವ ಪದ್ಧತಿ ಇರುವ ಅನೇಕ ದೇಶಗಳಲ್ಲಿ ಮಾತ್ರ ಈ ಪದವಿ ಇದ್ದರೂ ವೈದ್ಯಕೀಯ ಓದಿನಲ್ಲಿ ಒಂದು ವರ್ಷವೂ ಕಡಿಮೆಯಾಗದಿರಬಹುದು. ಡಾಕ್ಟರ್ ಆಗುವುದೊಂದೇ ನಿಮ್ಮ ಆಸೆಯಾಗಿದ್ದು, ನಿಮ್ಮಲ್ಲಿ ಆ ದಾರಿ ಮುಚ್ಚಿದ್ದರೆ, ಈಗಲೇ ಯೋಚಿಸಿ. ಮೂರನೆಯ ವರ್ಷದಲ್ಲಿ ಯೋಚಿಸುವುದಕ್ಕಿಂತ ಅದು ಮೇಲು.

ಹಾಗಾದರೆ ಈ ಓದಿನಲ್ಲಿ ಇರುವುದೇನು? ನನ್ನ ಕಣ್ಣು ತೆರೆಸಿದ್ದು ಫಿಸಿಯಾಲಜಿಯ, ಅಂದರೆ ದೇಹ ಹೇಗೆ ಕೆಲಸ ಮಾಡುತ್ತದೆ ಅನ್ನುವ ವಿಷಯದ, ಒಂದು ಪಾಠ. ಸಣ್ಣ ಕರುಳಿನ ಗೋಡೆಯಲ್ಲಿ ಒಂದು ಪ್ರೋಟೀನ್ ಇದೆ. ಸೋಡಿಯಂ ಮತ್ತು ಗ್ಲೂಕೋಸ್ ಜೊತೆಯಾಗಿ ಬಂದರೆ ಎರಡನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ, ಅವುಗಳ ಬೆನ್ನಿಗೆ ನೀರೂ ಬರುತ್ತದೆ. ರಾಬರ್ಟ್ ಕ್ರೇನ್ ಎಂಬ ವಿಜ್ಞಾನಿ 1960ರಲ್ಲಿ ಮುಂದಿಟ್ಟ ವಿವರಣೆ ಇದು. ಪರೀಕ್ಷೆಗೆ ಐದು ಅಂಕದ ಪ್ರಶ್ನೆ ಅಂತ ಬರೆದುಕೊಂಡು ಸುಮ್ಮನಾಗಿದ್ದೆ. ಮುಂದಿನ ವರ್ಷ ಪಬ್ಲಿಕ್ ಹೆಲ್ತ್ ತರಗತಿಯಲ್ಲಿ 1971ರ ಕಥೆ ಬಂತು. ಬಾಂಗ್ಲಾದೇಶದ ಯುದ್ಧದಿಂದ ಓಡಿಬಂದವರು ಗಡಿಯ ಬನಗಾಂವ್ ಶಿಬಿರಗಳಲ್ಲಿ ತುಂಬಿದ್ದಾರೆ, ಕಾಲರಾ ಹಬ್ಬಿದೆ, ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತಿದೆ. ಡಾಕ್ಟರ್ ದಿಲೀಪ್ ಮಹಾಲನೊಬಿಸ್ ಉಪ್ಪು, ಅಡಿಗೆ ಸೋಡಾ, ಗ್ಲೂಕೋಸ್ ಬೆರೆಸಿದ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು ಅವರ ಆರೈಕೆಯಲ್ಲಿದ್ದವರಲ್ಲಿ 3.6ಕ್ಕೆ ಇಳಿಯಿತು.

ಅವತ್ತು ತರಗತಿ ಮುಗಿದ ಮೇಲೂ ನಾನು ಎದ್ದಿರಲಿಲ್ಲ. ಕಾಲರಾದ ವಿಷ ಕರುಳಿನಿಂದ ನೀರನ್ನು ಹೊರಗೆ ಸುರಿಸುತ್ತದೆ, ಆದರೆ ಆ ಪ್ರೋಟೀನಿನ ಬಾಗಿಲನ್ನು ಅದು ಕೆಡಿಸುವುದಿಲ್ಲ. ಹಾಗಾಗಿಯೇ ಬಾಯಿಂದ ಕುಡಿಸಿದ ನೀರು ಒಳಗೆ ನಿಲ್ಲುತ್ತದೆ. ಹಿಂದಿನ ವರ್ಷ ನಾನು ಉರುಹೊಡೆದ ಪ್ರೋಟೀನ್ ಅಷ್ಟೂ ಜನರ ಜೀವದ ಬಾಗಿಲಾಗಿತ್ತು. ಆ ನೀರನ್ನು ಕುಡಿಸಿದ್ದು ಅಮ್ಮಂದಿರು, ಅಣ್ಣಂದಿರು. ಅವರಲ್ಲಿ ಯಾರಿಗೂ ವೈದ್ಯಕೀಯ ಪದವಿ ಬೇಕಾಗಿರಲಿಲ್ಲ. ಹೇಗೆ ಬೆರೆಸಬೇಕು, ಎಷ್ಟು ಕೊಡಬೇಕು ಅಂತ ಅರ್ಥವಾಗುವಂತೆ ಹೇಳಿಕೊಡುವವರು ಬೇಕಾಗಿತ್ತು. ಹೆಲ್ತ್ ಸೈನ್ಸಸ್ ಅಂದರೆ ನನ್ನ ಮಟ್ಟಿಗೆ ಇದು: ಜೀವಕೋಶದಲ್ಲಿ ಆಗುವುದಕ್ಕೂ ಒಂದು ಶಿಬಿರದಲ್ಲಿ, ಒಂದು ಊರಿನಲ್ಲಿ ಆಗುವುದಕ್ಕೂ ಇರುವ ನಂಟನ್ನು ಒಂದೇ ತಲೆಯಲ್ಲಿ ಹಿಡಿದಿಟ್ಟುಕೊಳ್ಳುವುದು.

ಬಯೋಸ್ಟ್ಯಾಟಿಸ್ಟಿಕ್ಸ್, ಅಂದರೆ ಆರೋಗ್ಯದ ಅಂಕಿಅಂಶಗಳ ಲೆಕ್ಕ, ಅಂದರೆ ಸಾಕು, ಹೆದರಿ ಕನಿಷ್ಠ ಅಂಕಕ್ಕೆ ಓದುವವರೇ ಹೆಚ್ಚು. ದಯವಿಟ್ಟು ಹಾಗೆ ಮಾಡಬೇಡಿ. ಒಂದು ಸಣ್ಣ ಲೆಕ್ಕ ಹಾಕಿ ನೋಡಿ. ಸಾವಿರ ಜನರಲ್ಲಿ 10 ಮಂದಿಗೆ ಒಂದು ಕಾಯಿಲೆ ಇದೆ ಅನ್ನಿ. ಪರೀಕ್ಷೆ ಆ ಹತ್ತರಲ್ಲಿ 9 ಮಂದಿಯನ್ನು ಹಿಡಿಯುತ್ತದೆ. ಕಾಯಿಲೆ ಇಲ್ಲದ ನೂರು ಮಂದಿಯಲ್ಲಿ 9 ಮಂದಿಗೆ ತಪ್ಪಾಗಿ 'ಇದೆ' ಅನ್ನುತ್ತದೆ. ಕೇಳಲು ಒಳ್ಳೆಯ ಪರೀಕ್ಷೆಯೇ. ಆದರೆ ಉಳಿದ 990 ಮಂದಿಯಲ್ಲಿ ತಪ್ಪಾಗಿ ಸಿಕ್ಕಿಬೀಳುವವರು 89. ಒಟ್ಟು 'ಪಾಸಿಟಿವ್' ಬಂದವರು 98, ನಿಜವಾಗಿ ಕಾಯಿಲೆ ಇರುವವರು 9. ಅಂದರೆ ವರದಿ ಹಿಡಿದು ನಡುಗುತ್ತಾ ಕೂತ ಹನ್ನೊಂದು ಮಂದಿಯಲ್ಲಿ ಹತ್ತು ಮಂದಿಗೆ ಆ ಕಾಯಿಲೆಯೇ ಇಲ್ಲ. ಇಷ್ಟು ತಿಳಿದವರು ಎದುರಿಗಿರುವವರಿಗೆ ಏನು ಹೇಳಬೇಕು, ಎಷ್ಟು ಧೈರ್ಯ ತುಂಬಬೇಕು, ಮುಂದಿನ ಪರೀಕ್ಷೆ ಯಾವುದು ಅಂತ ವಿವರಿಸಬಲ್ಲರು. ಅನುಭವಸ್ಥರೂ ಇದರಲ್ಲಿ ಎಡವುವುದನ್ನು ನೋಡಿದ್ದೇನೆ.

ಇನ್ನು ರೋಗಿಗಳ ವಿಷಯ. ಮೂರನೆಯ ವರ್ಷದಲ್ಲಿ ಶ್ವಾಸಕೋಶದ ಹೊರರೋಗಿ ವಿಭಾಗದಲ್ಲಿ ನಮಗೆ ಆರು ವಾರ ಪ್ಲೇಸ್‌ಮೆಂಟ್, ಅಂದರೆ ಅಲ್ಲೇ ಇದ್ದು ಕಲಿಯುವ ತರಬೇತಿ, ಇತ್ತು. ನೋಡಬಹುದು, ಮಾತಾಡಿಸಬಹುದು, ಬರೆದುಕೊಳ್ಳಬಹುದು. ಚಿಕಿತ್ಸೆಗೆ ಕೈ ಹಾಕುವಂತಿಲ್ಲ. ಅಲ್ಲಿಗೆ ಬರುತ್ತಿದ್ದ ಅಜ್ಜ ಒಬ್ಬರಿಗೆ ಉಬ್ಬಸ. ಎರಡು ವರ್ಷದಿಂದ ಇನ್‌ಹೇಲರ್ ಬಳಸುತ್ತಿದ್ದರು. ಗುಣ ಕಾಣದೆ ಔಷಧದ ಪ್ರಮಾಣ ಎರಡು ಸಲ ಏರಿತ್ತು. ಸರದಿಗಾಗಿ ಕೂತಿದ್ದಾಗ, ಸುಮ್ಮನೆ ಕಲಿಯುವ ಆಸೆಗೆ, "ಅಜ್ಜಾ, ಇದನ್ನು ಹೇಗೆ ತಗೋತೀರಿ, ನನಗೊಮ್ಮೆ ತೋರಿಸ್ತೀರಾ?" ಅಂದೆ. ಅವರು ಬಾಯಿ ಅಗಲವಾಗಿ ತೆರೆದು, ನಾಲಿಗೆಯ ಮೇಲೆ ಎರಡು ಸಲ ಒತ್ತಿಕೊಂಡು, ಬಾಯಿ ಮುಚ್ಚಿ ನುಂಗಿದರು. ಆಮೇಲೆ ಮೂಗಿನಿಂದ ಉಸಿರೆಳೆದರು. ಔಷಧ ಎದೆಗೆ ಇಳಿದೇ ಇರಲಿಲ್ಲ.

ನನಗೆ ಕೂಡಲೇ ತಿದ್ದಿ ತೋರಿಸಬೇಕು ಅನ್ನಿಸಿತು. ಆದರೆ ಅದು ನನ್ನ ಕೆಲಸವಲ್ಲ ಅನ್ನುವುದನ್ನೂ ಅದೇ ಕೋರ್ಸ್ ಕಲಿಸಿತ್ತು. ಎದ್ದು ಹೋಗಿ ಅಲ್ಲಿನ ಹಿರಿಯ ನರ್ಸ್‌ಗೆ ಕಂಡದ್ದನ್ನು ಕಂಡಂತೆ ಹೇಳಿದೆ. ಅವರು ಬಂದು ಅಜ್ಜನ ಪಕ್ಕ ಕೂತು, ಮೊದಲು ಉಸಿರು ಪೂರ್ತಿ ಬಿಡಿಸಿ, ತುಟಿ ಬಿಗಿಹಿಡಿಸಿ, ನಿಧಾನವಾಗಿ ಒಳಗೆಳೆಯಲು ಶುರುಮಾಡುತ್ತಲೇ ಒತ್ತಿಸಿ, ಹತ್ತು ಎಣಿಸುವವರೆಗೆ ಉಸಿರು ಹಿಡಿಸಿದರು. ಆಮೇಲೆ ಒತ್ತುವುದು ಮತ್ತು ಎಳೆಯುವುದು ಹೊಂದದಿದ್ದರೆ ಇರಲಿ ಅಂತ ಸ್ಪೇಸರ್, ಅಂದರೆ ಇನ್‌ಹೇಲರಿಗೆ ಸಿಕ್ಕಿಸುವ ಕೊಳವೆ, ಕೊಟ್ಟರು. ಮುಖ್ಯವಾದ ಮಾತು ಕೊನೆಗೆ ಬಂತು: "ಈಗ ನೀವು ನನಗೆ ಕಲಿಸಿಕೊಡಿ." ಅಜ್ಜ ಮೊದಲಿನಿಂದ ಎಲ್ಲವನ್ನೂ ಮಾಡಿ ತೋರಿಸಿದರು. "ಅರ್ಥವಾಯಿತಾ?" ಅಂತ ಕೇಳಿದರೆ ಎಲ್ಲರೂ ತಲೆಯಾಡಿಸುತ್ತಾರೆ, ಹೇಳಿಸಿ, ಮಾಡಿಸಿ ನೋಡಿದರೆ ಮಾತ್ರ ತಿಳಿಯುತ್ತದೆ. ಸಂವಹನದ ತರಗತಿಯಲ್ಲಿ ಇದನ್ನು ಟೀಚ್-ಬ್ಯಾಕ್ ಅನ್ನುತ್ತಾರೆ. ಆ ತರಗತಿಗೆ ನಮ್ಮಲ್ಲಿ ಅರ್ಧ ಜನ ಬರುತ್ತಿರಲಿಲ್ಲ, ಈಗ ನೆನೆದರೆ ದುಃಖವಾಗುತ್ತದೆ.

ನನ್ನ ಈಗಿನ ಕೆಲಸಕ್ಕೆ ಇವೆಲ್ಲ ಸೇರಿಯೇ ಒದಗುತ್ತವೆ. ಒಂದು ವಾರ್ಡಿನಲ್ಲಿ ಸೋಂಕು ಏರಿದರೆ ಮೊದಲು ಲೆಕ್ಕ ನೋಡುತ್ತೇನೆ: ನಿಜವಾಗಿ ಏರಿದೆಯೋ, ಪರೀಕ್ಷೆ ಹೆಚ್ಚು ಮಾಡಿದ್ದರಿಂದ ಹಾಗೆ ಕಾಣುತ್ತಿದೆಯೋ. ಆಮೇಲೆ ಹೋಗಿ ನಿಂತು ನೋಡುತ್ತೇನೆ. ಒಮ್ಮೆ ಕೈ ಸ್ವಚ್ಛತೆ ಕುಸಿದದ್ದಕ್ಕೆ ಕಾರಣ ಹುಡುಕಿ ಹುಡುಕಿ ಸಿಗದೆ, ನೆಲ ಒರೆಸುವ ಅಕ್ಕನನ್ನು ಕೇಳಿದೆ. ಮಂಚಗಳನ್ನು ಸರಿಸಿದಾಗಿನಿಂದ ಸ್ಯಾನಿಟೈಸರ್ ಬಾಟಲಿ ಬಾಗಿಲ ಹಿಂದೆ ಬಿದ್ದಿದೆ, ಯಾರ ಕೈಗೂ ಎಟಕುವುದಿಲ್ಲ ಅಂದರು. ಬಾಟಲಿ ಪ್ರತಿ ಮಂಚದ ಹತ್ತಿರ ಬಂತು, ಪರಿಸ್ಥಿತಿ ಸುಧಾರಿಸಿತು.

ನೀವು ಕೇಳಿದ 'ಏನಾಗುತ್ತೇವೆ' ಅನ್ನುವುದಕ್ಕೆ ಒಂದೇ ಉತ್ತರವಿಲ್ಲ. ನನ್ನ ಜೊತೆ ಓದಿದವರಲ್ಲಿ ಒಬ್ಬರು ಔಷಧ ಪ್ರಯೋಗಗಳ ಸಂಯೋಜಕರಾಗಿದ್ದಾರೆ. ಪ್ರಯೋಗಕ್ಕೆ ಒಪ್ಪಿಗೆ ಕೊಡುವ ರೋಗಿಗೆ ತಾನು ಏನಕ್ಕೆ ಸಹಿ ಹಾಕುತ್ತಿದ್ದೇನೆ ಅಂತ ತಿಳಿದಿದೆಯೇ ಅಂತ ನೋಡಿಕೊಳ್ಳುವುದು ಅವರ ಕೆಲಸದ ದೊಡ್ಡ ಪಾಲು. ಇನ್ನೊಬ್ಬರು ಆಡಿಯಾಲಜಿಯಲ್ಲಿ (ಕಿವಿ ಕೇಳಿಸುವಿಕೆಯ ಶಾಸ್ತ್ರ) ಮುಂದೆ ಓದಿ ಪರವಾನಗಿ ಪಡೆದರು. ಒಬ್ಬರು ಆಸ್ಪತ್ರೆಯ ದಾಖಲೆಗಳ ವಿಭಾಗ, ಮತ್ತೊಬ್ಬರು ಎಪಿಡೆಮಿಯಾಲಜಿ, ಅಂದರೆ ಜನರಲ್ಲಿ ರೋಗ ಹೇಗೆ ಹರಡುತ್ತದೆ ಅನ್ನುವ ಅಧ್ಯಯನ. ಪದವಿಯೊಂದರಿಂದಲೇ ಸಿಗುವ ಕೆಲಸಗಳಿಗೆ ಆರಂಭದಲ್ಲಿ ಸಂಬಳ ಕಡಿಮೆ, ಮೇಲೇರಲು ಬಹುಮಟ್ಟಿಗೆ ಇನ್ನೊಂದು ಓದು ಬೇಕು. ಇದನ್ನು ಮುಚ್ಚಿಡುವುದು ನಿಮಗೆ ಅನ್ಯಾಯ. ಎರಡನೆಯ ವರ್ಷ ಮುಗಿಯುವುದರೊಳಗೆ ಒಂದು ಬಾಗಿಲು ಆರಿಸಿಕೊಳ್ಳಿ, ಅದಕ್ಕೆ ಯಾವ ವಿಷಯ, ಎಷ್ಟು ಗಂಟೆಯ ಅನುಭವ ಕೇಳುತ್ತಾರೆ ಅಂತ ನೋಡಿ ಉಳಿದ ವರ್ಷಗಳನ್ನು ಅದಕ್ಕೆ ತಕ್ಕಂತೆ ಜೋಡಿಸಿಕೊಳ್ಳಿ. ನಾನು ತಡಮಾಡಿದ್ದು ಇಲ್ಲೇ. ಬೇಕಾಗಿದ್ದ ಸಂಶೋಧನಾ ವಿಧಾನದ ಕೋರ್ಸ್ ತೆಗೆದುಕೊಳ್ಳದೆ, ಆಮೇಲೆ ಒಂದು ವರ್ಷ ಹೆಚ್ಚು ಓದಿದೆ.

ಬಿಡುವ ಮುನ್ನ ಇಷ್ಟಾದರೂ ಮಾಡಿ: ವಾರ್ಡಿನಲ್ಲೋ, ಲ್ಯಾಬಿನಲ್ಲೋ, ವೃದ್ಧರ ಆರೈಕೆ ಕೇಂದ್ರದಲ್ಲೋ ಅನುಮತಿ ಕೇಳಿ ಕೆಲವು ದಿನ ಇದ್ದು ನೋಡಿ. ವಾಂತಿಯ ವಾಸನೆ, ಅಳು, ಕಾಯುವಿಕೆ, ಒಂದೇ ಮಾತನ್ನು ಹತ್ತು ಸಲ ಹೇಳುವುದು ಇವುಗಳ ನಡುವೆಯೂ ಮರುದಿನ ಹೋಗಬೇಕು ಅನ್ನಿಸಿದರೆ ಬಿಡಬೇಡಿ. ಅನ್ನಿಸದಿದ್ದರೆ ಬಿಡುವುದರಲ್ಲಿ ಅವಮಾನವೇನೂ ಇಲ್ಲ.

ಸ್ನಾಯುಗಳ ವಿಷಯ ಉಳಿಯಿತು. ಹೆಸರನ್ನು ಪುಸ್ತಕದಲ್ಲಿ ಓದಬೇಡಿ, ನಿಮ್ಮ ಮೈಯಲ್ಲೇ ಹುಡುಕಿ. ಕನ್ನಡಿಯ ಮುಂದೆ ನಿಂತು ತಲೆಯನ್ನು ಎಡಕ್ಕೆ ತಿರುಗಿಸಿ. ಕುತ್ತಿಗೆಯ ಬಲಗಡೆ ಹುರಿಯಂತೆ ಎದ್ದು ನಿಲ್ಲುವುದು ಸ್ಟರ್ನೋಕ್ಲೈಡೋಮಾಸ್ಟಾಯ್ಡ್. ಹೆಸರಿನಲ್ಲೇ ಅದರ ವಿಳಾಸವಿದೆ: ಸ್ಟರ್ನಮ್ ಅಂದರೆ ಎದೆಮೂಳೆ, ಕ್ಲೈಡೋ ಅಂದರೆ ಕೊರಳೆಲುಬು, ಮಾಸ್ಟಾಯ್ಡ್ ಅಂದರೆ ಕಿವಿಯ ಹಿಂದೆ ಕೈಗೆ ಸಿಗುವ ಮೂಳೆಯ ಉಬ್ಬು. ಉಸಿರಿಗೆ ಕಷ್ಟವಾದಾಗ ಎದೆಗೂಡನ್ನು ಮೇಲೆತ್ತಲು ಇದೂ ದುಡಿಯುತ್ತದೆ. ಮೊದಲ ದಿನ ಆ ಅಜ್ಜ ಬಾಗಿಲಲ್ಲಿ ನಿಂತು ಏದುಸಿರು ಬಿಡುವಾಗ ಪ್ರತಿ ಉಸಿರಿಗೂ ಅವರ ಕುತ್ತಿಗೆಯಲ್ಲಿ ಅದು ಎದ್ದು ಕಾಣುತ್ತಿತ್ತು. ಅಲ್ಲಿಂದ ಮೇಲೆ ಆ ಹೆಸರನ್ನು ನಾನು ಬಾಯಿಪಾಠ ಮಾಡಬೇಕಾಗಿ ಬರಲಿಲ್ಲ.